ಸಪ್ಪಳ ಮಾಡದ ಪಟ್ಟಿ

ಘಟಪ್ರಭಾದ ಸ್ಟೇಶನ್ನಿನಿಂದ ಪೇಟೆಗೆ ಬರುವ ದಾರಿಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ರವಿಕೆ, ಲಂಗ ಹೊಲಿಯುವ ಅಂಗಡಿಯಲ್ಲ. ಟ್ರ್ಯಾಕ್ಟರಿನ ಸೀಟು, ಟೆಂಪೋದ ಹುಡ್ಡು, ಗೋವಿನಜೋಳದ ರಾಶಿಗೆ ಹೊದಿಸುವ ತಾಡಪತ್ರಿ, ಎತ್ತಿನ ಕೊರಳಪಟ್ಟಿ, ಇಂಥ ದಪ್ಪ ಬಟ್ಟೆಯ ಕೆಲಸ. ಅಪ್ಪ ಶುರು ಮಾಡಿದ ಅಂಗಡಿ. ಅಪ್ಪ ತೀರಿಕೊಂಡ ವರ್ಷವೇ ನನಗೆ ಗಟ್ಟಿಯಾಗಿದ್ದ ಮದುವೆ ಮುರಿಯಿತು. ಯಾಕೆ ಮುರಿಯಿತೆಂಬುದು ಈಗ ಯಾರಿಗೂ ಬೇಡದ ಮಾತು. ಸ್ವಲ್ಪ ದಿನ ನೋಡಿಕೊಂಡರಾಯಿತು ಎಂದು ಅಪ್ಪನ ಮಶೀನಿನ ಮುಂದೆ ಕೂತವಳು ಅಲ್ಲೇ ನಲವತ್ತು ದಾಟಿದೆ.

ದನದ ಡಾಕ್ಟರು ಮೊದಲ ಸಲ ಬಂದದ್ದು ಒಂದು ಚಳಿಗಾಲದ ಮಧ್ಯಾಹ್ನ. ಹುಕ್ಕೇರಿ ಕಡೆಯ ಸರಕಾರಿ ದನದ ದವಾಖಾನೆಯಲ್ಲಿ ಅವರ ನೌಕರಿ. ಎತ್ತಿಗೇನೋ ಹೊಲಿಸಲು ಬಂದಿರಬೇಕು ಎಂದುಕೊಂಡೆ. ಅವರು ಚೀಲದಿಂದ ಒಂದು ಕರಿಯ ಸೊಂಟಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ತೊಡೆಗೆ ಎರಡು ಪಟ್ಟಿ, ಸೊಂಟಕ್ಕೊಂದು ಪಟ್ಟಿ, ತುಂಬ ಕಬ್ಬಿಣದ ಬಕ್ಕಲು, ಕೊಕ್ಕೆ. ಮೇಜಿಗೆ ತಾಗಿದ್ದೇ ಟಿಣ್ ಎಂದಿತು.

“ಇದ ನೋಡ್ರಿ ಅಕ್ಕಾರ, ಈ ಸಪ್ಪಳ. ಇದು ಆಗಬಾರದು.”

“ಏನ್ರಿ ಇದು?”

“ಗಿಡಾ ಏರಾಕ. ಇದನ್ನ ಕಟ್ಟಿಕೊಂಡು ಹಗ್ಗಾ ಹಾಕಿದ್ರ ಬೀಳೂದಿಲ್ಲ. ಆನ್‌ಲೈನ್‌ದಾಗ ತರಿಸಿದ್ದೆ.”

“ಗಿಡಾ ಯಾಕ ಏರತೀರಿ?”

“ಬ್ಯಾಟಿಗಿರಿ.”

ಒಳಗಿನ ಖೋಲಿಯಲ್ಲಿ ಕಾಯಿಪಲ್ಯ ಸೋಸುತ್ತಿದ್ದ ಅವ್ವನ ಕಿವಿಗೆ ಬೇಟೆ ಎಂಬ ಅದೊಂದೇ ಮಾತು ಬಿತ್ತು. ಹೊರಗೆ ಬಂದವಳೇ, “ಬ್ಯಾಟಿ ಸಾಮಾನ ನಮ್ಮ ಅಂಗಡ್ಯಾಗ ಹೊಲ್ಯಾಂಗಿಲ್ರಿ. ಲಿಂಗಾ ಕಟ್ಟಿಕೊಂಡ ಮಂದಿ ನಾವು,” ಎಂದಳು.

ಡಾಕ್ಟರು ಎದ್ದು ನಿಂತುಬಿಟ್ಟರು. “ಕೊಲ್ಲಾಂಗಿಲ್ರಿ ಅವ್ವಾರ. ನಮ್ಮ ಅಜ್ಜ ಖರೇ ಬ್ಯಾಟಿ ಆಡತಿದ್ದ, ಹಂದಿ ಹೊಡ್ಯಾಕ ರಾತ್ರಿಯೆಲ್ಲಾ ಗಿಡದಾಗ ಕುಂಡ್ರತಿದ್ದ. ಅವನ ಚಟಾ ನನಗ ಬಂದೈತಿ, ಅವನ ಬಂದೂಕ ಬಂದಿಲ್ಲ. ನಾ ಬರೇ ಫೋಟೊ ತಗೀತೇನಿ.”

“ಫೋಟೊ ಕೆಳಗ ನಿಂತ ತಗದ್ರ ಬರೂದಿಲ್ಲೇನ?”

“ತೋಳ ನಿಲ್ಲೂದಿಲ್ರೀ ಅವ್ವಾರ,” ಎಂದು ನಕ್ಕರು.

ಆಮೇಲೆ ಕೂತು ಹೇಳಿದರು. ಮಮದಾಪುರದ ಆಚೆಯ ಕುರುಚಲು ಗುಡ್ಡದಲ್ಲಿ ಒಂದು ಹೆಣ್ಣು ತೋಳ ಮರಿ ಹಾಕಿತ್ತು. ಹಳ್ಳದ ದಂಡೆಯಲ್ಲಿ ಅದರ ಗವಿ. ದೂರದಲ್ಲಿ, ಹೊಲದ ಬದುವಿನ ಮೇಲೆ ಒಂದು ಹುಣಸೆ ಮರ. ಅಲ್ಲಿ ಏರಿ ಕೂತರೆ ಮನುಷ್ಯನ ವಾಸನೆ ಮೇಲೆ ಗಾಳಿಯಲ್ಲಿ ಹೋಗುತ್ತದೆ, ಕೆಳಗಿನ ಪ್ರಾಣಿ ತನ್ನ ಪಾಡಿಗೆ ತಾನಿರುತ್ತದೆ. ಬೆಳಗು ಹರಿಯುವ ಹೊತ್ತಿಗೆ ಅವರು ಏರಿ ಕೂತಿದ್ದರು. ತೋಳ ಹೊರಗೆ ಬಂತು, ಮರಿಗಳೂ ಬಂದವು. ಕ್ಯಾಮೆರಾ ಎತ್ತಲು ಇವರು ಸ್ವಲ್ಪ ವಾಲಿದ್ದಾರೆ, ಸೊಂಟದ ಕೊಕ್ಕೆ ಬಕ್ಕಲಿಗೆ ಬಡಿದಿದೆ. ಅಷ್ಟೇ. ತೋಳ ಕಿವಿ ನಿಗುರಿಸಿ ಸೀದಾ ಮರದ ಕಡೆ ನೋಡಿತಂತೆ. ಮರುದಿನ ಹೋಗಿ ನೋಡಿದರೆ ಗವಿ ಖಾಲಿ. ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಎಲ್ಲಿಗೋ ಸಾಗಿಸಿಬಿಟ್ಟಿತ್ತು.

“ಬಾಣಂತಿ ಮನಿ ಬಿಡಿಸಿದಂಗ ಆತ್ರಿ,” ಎಂದರು. ಆ ಮಾತು ಕೇಳಿ ಅವ್ವ ಚಹಾಕ್ಕಿಟ್ಟಳು. ನಾನು ಪಟ್ಟಿಯನ್ನು ಎತ್ತಿಕೊಂಡೆ.

ಸಪ್ಪಳ ಮಾಡದ ಸಾಮಾನು ಮಾಡುವುದು ಸುಲಭ ಎಂದುಕೊಂಡಿದ್ದೆ. ಕಬ್ಬಿಣಕ್ಕೆಲ್ಲ ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿ ಕೊಟ್ಟೆ. ಟಿಣ್ ಎನ್ನುವುದು ನಿಂತಿತು. ಆದರೆ ರಬ್ಬರಿಗೆ ರಬ್ಬರು ತಿಕ್ಕಿ, ಹೊಸ ಚಪ್ಪಲಿಯ ಹಾಗೆ ಕಿಚಕಿಚ ಎನ್ನತೊಡಗಿತು. ಬಕ್ಕಲನ್ನೇ ತೆಗೆದು ಅಂಟಿಸಿ ಬಿಚ್ಚುವ ಪಟ್ಟಿ ಹಾಕಿದೆ, ಮಕ್ಕಳ ಬೂಟಿಗೆ ಇರುತ್ತದಲ್ಲ, ಅದು. ಅವರು ಅಂಗಡಿಯಲ್ಲೇ ಒಮ್ಮೆ ಬಿಚ್ಚಿದರು, ಚರ್ರ್ ಎಂದಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. “ಗಿಡದಾಗ ಇದನ್ನ ಬಿಚ್ಚಿದ್ರ ತೋಳ ಸೀದಾ ಮಹಾರಾಷ್ಟ್ರ ಮುಟ್ಟತೈತಿ,” ಎಂದರು. ಅವ್ವ ಒಳಗಿನಿಂದಲೇ ನಕ್ಕಳು.

ಒಂದು ಕೆಲಸ ಕೆಟ್ಟರೆ ಇನ್ನೊಂದು ಸಲ ಬರುವುದಾಗುತ್ತಿತ್ತು. ಘಟಪ್ರಭಾದಲ್ಲಿ ಅವರಿಗೆ ಬೇರೆ ಕೆಲಸವೂ ಇರುತ್ತಿತ್ತು ಎನ್ನುತ್ತಿದ್ದರು. ಇತ್ತೋ ಇಲ್ಲವೋ. ಬಂದಾಗ ಮಶೀನಿನ ಬಾಜೂ ಸ್ಟೂಲಿನ ಮೇಲೆ ಕೂತು, ಆ ವಾರ ನೋಡಿದ ದನ, ಕುರಿಗಳ ಸುದ್ದಿ ಹೇಳುವರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಇದನ್ನು ನನಗಲ್ಲ, ಅವ್ವನಿಗೆ ಹೇಳಿದ್ದರು. ನಾನು ಮಶೀನು ತುಳಿಯುತ್ತಲೇ ಕೇಳಿಸಿಕೊಂಡೆ.

ಆ ಬೇಸಿಗೆಯಲ್ಲಿ ನನ್ನ ಕಿವಿ ಬದಲಾಯಿತು. ಬಟ್ಟೆಯನ್ನು ಅಲ್ಲಿಯವರೆಗೆ ಕೈಯಿಂದ ನೋಡುತ್ತಿದ್ದೆ, ದಪ್ಪ ಎಷ್ಟು, ಎಳೆದರೆ ಹೇಗೆ ಎಂದು. ಈಗ ಕಿವಿಯ ಹತ್ತಿರ ಹಿಡಿದು ತಿಕ್ಕಿ ನೋಡತೊಡಗಿದೆ. ಹೊಸ ಕ್ಯಾನ್ವಾಸ್ ಹಪ್ಪಳದ ಹಾಗೆ ಕರಕರ ಎನ್ನುತ್ತದೆ. ಅದನ್ನೇ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ, ಮತ್ತೆ ಒಗೆದರೆ ಹಳೆಯ ಧೋತರದಷ್ಟು ಮೆತ್ತಗಾಗುತ್ತದೆ. ಮಂಚಕ್ಕೆ ಹೆಣೆಯುವ ನವಾರಕ್ಕೆ ಸಪ್ಪಳವೇ ಇಲ್ಲ, ಆದರೆ ಮಂಜಿಗೆ ತೋಯ್ದರೆ ಹಿಗ್ಗುತ್ತದೆ, ನಂಬುವಂತಿಲ್ಲ. ನೈಲಾನು ಗಟ್ಟಿ, ಆದರೆ ಒಣ ತೊಗಟೆಗೆ ತಾಗಿದರೆ ಸರಸರ. ಡಾಕ್ಟರ ಅಂಗಿಯನ್ನೂ ಬಿಡಲಿಲ್ಲ. “ಈ ಟೆರಿಕಾಟ್ ಹಾಕ್ಕೊಂಡ ಹೋಗಬ್ಯಾಡ್ರಿ, ತೋಳು ಎತ್ತಿದ್ರ ಮಾತಾಡತೈತಿ,” ಎಂದೆ. ಮುಂದಿನ ಸಲ ಅವರು ಮೆತ್ತನೆಯ ಹತ್ತಿ ಅಂಗಿ ಹಾಕಿಕೊಂಡು ಬಂದು, ಒಂದು ತೋಳು ಎತ್ತಿ ನಿಂತರು. ನಾನು ಕಿವಿಗೊಟ್ಟು ಕೇಳುವ ನಟನೆ ಮಾಡಿದೆ.

ಕಾಲಿಗೆ ಬೂಟು ಬೇಡವೆಂದಾಯಿತು. ಬರಿಗಾಲು ಎಲ್ಲಕ್ಕಿಂತ ಮೆಲ್ಲಗೆ, ಆದರೆ ಆ ಗುಡ್ಡದ ತುಂಬ ಜಾಲಿಮುಳ್ಳು. ಕಡೆಗೆ ತೆಳ್ಳನೆಯ ಅಡಿಯ ಕ್ಯಾನ್ವಾಸ್ ಬೂಟು ಆರಿಸಿದೆವು. ಏರಲು ಅವರು ಮೊದಲು ಕಬ್ಬಿಣದ ಮಡಚುವ ಏಣಿ ಒಯ್ಯುತ್ತಿದ್ದರು. ಅದರ ಬದಲು ಮರದ ಸುತ್ತ ಬಿಗಿದು ಕಾಲಿಡುವಂಥ ಬಟ್ಟೆಪಟ್ಟಿಯ ಕುಣಿಕೆಗಳನ್ನು ಹೊಲಿಯೋಣ ಎಂದೆ. ಅದಕ್ಕೆ ಮೆತ್ತನೆಯದಾದರೂ ಆನೆ ತೂಕ ತಡೆಯುವ ಪಟ್ಟಿ ಬೇಕು. ಗೋಕಾಕದ ಪೇಟೆಯೆಲ್ಲ ತಿರುಗಿದೆ, ಸಿಗಲಿಲ್ಲ.

“ಲಾರಿಯವ್ರು ಲೋಡ್ ಕಟ್ಟೂ ಪಟ್ಟಿ ಇರತಾವಲ್ಲ,” ಎಂದರು. “ಯಮಕನಮರಡ್ಯಾಗ ಹೈವೇಕ್ಕ ಅಂಗಡಿ ಅದಾವು. ನೋಡಾಕ ಬರತೀರೇನು?”

ಅವ್ವನ ಮುಖ ನೋಡಿದೆ. ಅವ್ವ, “ಹೋಗಿ ಬಾ. ನಿನ್ನ ಬಿಟ್ಟು ಅವರೊಬ್ರ ಹೋದ್ರ ಏನ್ ತಿಳೀತೈತಿ,” ಎಂದಳು. ಅವ್ವ ಎಷ್ಟು ತಿಳಿದು ಹೇಳಿದಳೋ ನನಗೆ ಗೊತ್ತಿಲ್ಲ.

ಬಸ್ಸಿನಲ್ಲಿ ಹೋದೆವು. ಕಿಟಕಿಯ ಸೀಟು ನನಗೆ ಬಿಟ್ಟರು. ದಾರಿಯುದ್ದಕ್ಕೂ ಕಬ್ಬು, ನಡುವೆ ನಡುವೆ ಅರಿಶಿಣದ ಹೊಲ. ಯಮಕನಮರಡಿಯಲ್ಲಿ ಲಾರಿ ಸಾಮಾನಿನ ಒಂದು ಅಂಗಡಿಗೆ ಹೊಕ್ಕು ಪಟ್ಟಿಗಳನ್ನೆಲ್ಲ ಕೆಳಗೆ ತೆಗೆಸಿದೆವು. ನಾನೊಂದು ತುದಿ ಹಿಡಿದು ಕಂಬಕ್ಕೆ ತಿಕ್ಕುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಆಮೇಲೆ ಅವರು ತಿಕ್ಕುವುದು, ನಾನು ಕೇಳುವುದು. ಇಬ್ಬರೂ ಬಗ್ಗಿ ಒಂದೇ ಪಟ್ಟಿಗೆ ಕಿವಿ ಇಟ್ಟಾಗ ಅಂಗಡಿಯವನಿಗೆ ತಡೆಯದಾಯಿತು.

“ಏನ್ರಿ ಸಾಹೇಬ್ರ, ನಮ್ಮ ಪಟ್ಟಿ ಏನಾರ ಹಾಡಾಕತ್ತೇತೇನು?”

“ಹಾಡದ ಇರೂದ ಬೇಕ್ರಿ ನಮಗ,” ಎಂದರು ಡಾಕ್ಟರು.

“ಹಂಗಾದ್ರ ವೈನಿಯವ್ರಿಗಿ ಬಿಡ್ರಿ. ಹೆಣ್ಣಮಕ್ಕಳ ಕಿವಿ ಚಲೋ ಇರತಾವು.”

ವೈನಿ ಎಂದರೆ ಅತ್ತಿಗೆ, ಅಂದರೆ ಇವರ ಹೆಂಡತಿ ಎಂದು ಆತ ತಿಳಿದಿದ್ದ. ಡಾಕ್ಟರು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಮಣ್ಣಿನ ಬಣ್ಣದ ಒಂದು ಹಳೆಯ ಸ್ಟಾಕಿನ ಪಟ್ಟಿ, ಮೂಲೆಯಲ್ಲಿ ಬಿದ್ದು ಬಿದ್ದು ಮೆತ್ತಗಾದದ್ದು, ಅದನ್ನು ಕೊಂಡುಕೊಂಡು ಹೊರಗೆ ಬಂದೆವು. ರಸ್ತೆಯ ಆಚೆ ಒಂದು ಹೋಟೆಲಿನಲ್ಲಿ ಮಿರ್ಚಿಭಜಿ ತಿಂದು ಚಹಾ ಕುಡಿದೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಅವರಿಗೆ ನಿದ್ದೆ ಹತ್ತಿತು. ತಲೆ ನನ್ನ ಹೆಗಲಿಗೆ ಬರಬಹುದಿತ್ತು. ಬರಲಿಲ್ಲ, ನಿದ್ದೆಯಲ್ಲೂ ಮರ್ಯಾದೆಯಿಂದ ಆ ಕಡೆಗೇ ವಾಲಿತು.

ಆ ದಿನದ ನಂತರ ಅವರು ನನ್ನನ್ನು ಅಕ್ಕಾರ ಎನ್ನುವುದನ್ನು ಬಿಟ್ಟರು. ಬೇರೆ ಏನೂ ಎನ್ನುತ್ತಿರಲಿಲ್ಲ. ಬರೀ ರೀ. “ಇಲ್ಲಿ ನೋಡ್ರಿ”, “ಚಹಾ ಕುಡೀತೀರೇನ್ರಿ”. ನನಗೆ ಅದು ಗೊತ್ತಾಗಲು ಎಷ್ಟೋ ದಿನ ಬೇಕಾಯಿತು. ಗೊತ್ತಾದ ದಿನ ಒಂದು ಟೆಂಪೋದ ಹುಡ್ಡನ್ನು ಉಲ್ಟಾ ಹೊಲಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಮಾನು ಸಿದ್ಧವಾಯಿತು. ತೊಡೆಯ ಕೆಳಗೆ ಅಗಲವಾಗಿ ಕೂರುವ, ಒಗೆದು ಮೆತ್ತಗೆ ಮಾಡಿದ ಕ್ಯಾನ್ವಾಸಿನ ಕೂರುಪಟ್ಟಿ, ಒಳಗೆ ಲಾರಿಪಟ್ಟಿಯ ಎರಡು ಪದರ. ಬಕ್ಕಲು ಎಲ್ಲೂ ಇಲ್ಲ, ಗಂಟು ಮತ್ತು ಕುಣಿಕೆ. ಬೇಕೇ ಬೇಕಾದ ಒಂದು ಕೊಕ್ಕೆಗೆ ಉಣ್ಣೆಯ ಚೀಲ. ಚೀಲದ ಬಾಯಿಗೆ ಚೈನಿನ ಬದಲು ಲಾಡಿ. ಅಂಗಡಿಯ ಜಂತಿಗೆ ಕೂರುಪಟ್ಟಿ ತೂಗುಹಾಕಿ ಅದರಲ್ಲಿ ಗೋಧಿ ಚೀಲಗಳನ್ನು ಹೇರಿ ಇಡೀ ದಿನ ಬಿಟ್ಟು ನೋಡಿದೆವು. ಜೀವ ಹಿಡಿಯುವ ಹಗ್ಗ ಮಾತ್ರ ಬೆಟ್ಟ ಹತ್ತುವವರ ಅಂಗಡಿಯದೇ ಇರಲಿ, ಅದಕ್ಕೆ ನಾನು ಕೈ ಹಚ್ಚುವುದಿಲ್ಲ ಎಂದು ಮೊದಲೇ ಹೇಳಿದ್ದೆ.

ಚಳಿ ಬಿದ್ದ ಮೇಲೆ, ಕುರಿಗಾರರು ಮಮದಾಪುರದ ಗುಡ್ಡದಲ್ಲಿ ಮತ್ತೆ ತೋಳದ ಹೆಜ್ಜೆ ಕಂಡರೆಂದು ಸುದ್ದಿ ಬಂತು. ಡಾಕ್ಟರು ಬಂದು, “ಹೊಲಿದವ್ರು ಒಂದ ಸಲಾ ಕುಂತು ನೋಡಬೇಕು,” ಎಂದರು. ನನಗಾಗಿ ಒಂದು ಕೂರುಪಟ್ಟಿ ಬೇರೆ ಹೊಲಿಯಬೇಕಾಯಿತು. ನನ್ನ ಅಳತೆ ನಾನೇ ತೆಗೆದುಕೊಂಡೆ.

ಹುಡುಗಿಯಾಗಿದ್ದಾಗ ಮಾವಿನಗಿಡ ಏರಿದ್ದವಳು, ಈಗ ಚೂಡಿದಾರದ ಮೇಲೆ ಅಪ್ಪನ ಹಳೆಯ ಸ್ವೆಟರು ಹಾಕಿಕೊಂಡು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ಹುಣಸೆ ಮರದ ಬುಡದಲ್ಲಿ ನಿಂತೆ. ಅವರು ಮುಂದೆ ಏರಿ ಹಗ್ಗ ಬಿಗಿದರು. ನಾನು ನನ್ನದೇ ಹೊಲಿಗೆಯ ಮೇಲೆ ಕಾಲಿಟ್ಟು ಒಂದೊಂದೇ ಕುಣಿಕೆ ಏರಿದೆ. ಮೇಲಿನಿಂದ ಅವರು ಕೈ ಕೊಟ್ಟರು. ಕೊಟ್ಟರು, ಕೂರಿಸಿದರು, ಬಿಟ್ಟರು. ಅಕ್ಕಪಕ್ಕದ ಎರಡು ಕೊಂಬೆಗಳಲ್ಲಿ ಕೂತೆವು. ಮಾತಾಡುವ ಹಾಗಿರಲಿಲ್ಲ.

ಎಷ್ಟು ಹೊತ್ತು ಕೂತಿದ್ದೆವೋ. ಅಂಗಡಿಯಲ್ಲಿ ಇಡೀ ದಿನ ಮಶೀನಿನ ಗಡಗಡ, ರಸ್ತೆಯ ಹಾರ್ನು, ಹಿಂದೆ ರೈಲು. ಇಲ್ಲಿ ಹುಣಸೆಯ ಸಣ್ಣ ಎಲೆಗಳು ಅಲುಗುವುದೂ ಕೇಳುತ್ತಿತ್ತು. ಅವರ ಉಸಿರು ಕೇಳುತ್ತಿತ್ತು. ಮೊದಮೊದಲು ನನ್ನ ಉಸಿರು ಅದಕ್ಕಿಂತ ಜೋರಾಗಿತ್ತು, ಆಮೇಲಾಮೇಲೆ ಎರಡೂ ಒಂದೇ ಸಮನಾದವು. ಕೂರುಪಟ್ಟಿ ಒಮ್ಮೆಯೂ ಕುಂಯ್ ಎನ್ನಲಿಲ್ಲ. ಬಿಸಿಲು ಹಳದಿಯಾಗುತ್ತ ಬಂದಾಗ ಡಾಕ್ಟರು ಗದ್ದ ಎತ್ತಿ ಹಳ್ಳದ ಕಡೆ ತೋರಿಸಿದರು.

ತೋಳ ನಿಂತಿತ್ತು. ನಾನು ದೊಡ್ಡದೊಂದು ಪ್ರಾಣಿಯನ್ನು ಎಣಿಸಿದ್ದೆ, ಅದು ನಮ್ಮ ಓಣಿಯ ನಾಯಿಗಿಂತ ಸ್ವಲ್ಪ ಎತ್ತರ, ಬಡಕಲು, ಒಣಹುಲ್ಲಿನದೇ ಬಣ್ಣ. ಗಾಳಿ ಮೂಸಿ ನೋಡಿತು. ನಮ್ಮ ಮರವನ್ನೂ ನೋಡಿತು, ನೋಡಿ ಸುಮ್ಮನಾಯಿತು. ಆಮೇಲೆ ಗವಿಯ ಒಳಗಿನಿಂದ ಮರಿಗಳು ಉರುಳುತ್ತ ಬಂದು ಅದರ ಮೊಲೆಗೆ ಬಿದ್ದವು. ತಾಯಿ ಬಾಗಿ ಅವುಗಳ ಬೆನ್ನು ನೆಕ್ಕಿತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಸಪ್ಪಳ ಆದೀತು ಎಂದಲ್ಲ, ಅವರಿಗೆ ಗೊತ್ತಾದೀತು ಎಂದು. ಕ್ಯಾಮೆರಾ ಕೊರಳಲ್ಲಿದ್ದರೂ ಅವರು ಆ ದಿನ ಒಂದೂ ಫೋಟೊ ತೆಗೆಯಲಿಲ್ಲ. ಇಳಿದು ಗುಡ್ಡ ದಾಟಿದೆವು. ರಸ್ತೆಗೆ ಬಂದ ಮೇಲೆ, “ನೋಡಿದ್ರಿ?” ಎಂದರು. “ನೋಡಿದ್ನಿರಿ,” ಎಂದೆ. ಅಷ್ಟೇ ಆದ ಮಾತು.

ಆ ಚಳಿಗಾಲ ಇನ್ನೂ ಕೆಲವು ಸಲ ಹೋದೆವು. ಬೇಸಿಗೆಯಲ್ಲಿ ಸರಕಾರಿ ನೌಕರರಿಗೆ ವರ್ಗಾವಣೆಯ ಕಾಲ. ಅವರಿಗೆ ರಾಯಚೂರಿನ ಕಡೆಗಾಯಿತು. ಹೇಳಲು ಬಂದವರು ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದರು. ಅವ್ವ ಗುಡಿಗೆ ಹೋಗಿದ್ದಳು.

“ಅಲ್ಲಿ ಹೊಲಿಗಿ ಕೆಲಸ ಭಾಳ ಇರತೈತಂತ್ರಿ,” ಎಂದರು. “ಭತ್ತದ ಸೀಮಿ. ತಾಡಪತ್ರಿ ಬೇಕ ಬೇಕಲ್ಲ.”

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. “ಇಲ್ಲೂ ಭಾಳ ಐತ್ರಿ,” ಎಂದೆ.

“ಹೌದ್ರಿ. ಇಲ್ಲೂ ಐತಿ.”

ಅವರು ಇನ್ನೊಂದು ಮಾತು ಆಡಿದ್ದರೆ ನಾನು ಏನು ಹೇಳುತ್ತಿದ್ದೆನೋ ಈಗಲೂ ತಿಳಿಯದು. ಅಂಗಡಿ ಇತ್ತು, ಅವ್ವ ಇದ್ದಳು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಗಳಿಗೆಯಲ್ಲಿ ಅಂಗಡಿಯೂ ನೆನಪಿಗೆ ಬಂದಿರಲಿಲ್ಲ, ಅವ್ವನೂ ಬಂದಿರಲಿಲ್ಲ. ಮಾತು ಅಷ್ಟು ಮೆಲ್ಲಗೆ ಬಂದದ್ದರಿಂದ ಉತ್ತರವೂ ಮೆಲ್ಲಗೆ ಹೋಯಿತು. ಅವರು ಕೈ ಮುಗಿದು, “ಅವ್ವಾರಿಗಿ ಹೇಳ್ರಿ,” ಎಂದು ಹೊರಟರು.

ಹೋದ ಮೇಲೆ ಫೋನು ಮಾಡುತ್ತಿದ್ದರು. ಅಲ್ಲಿನ ಬಿಸಿಲು, ಅಲ್ಲಿನ ಎಮ್ಮೆ, ಗುಡ್ಡದಲ್ಲಿ ಕಂಡ ಕರಡಿ. ವರ್ಷಕ್ಕೊಮ್ಮೆ ಕೂರುಪಟ್ಟಿಯನ್ನು ಬಸ್ಸಿನ ಪಾರ್ಸೆಲಿನಲ್ಲಿ ಕಳಿಸುವರು, ಹೊಲಿಗೆ ಬಿಟ್ಟಲ್ಲಿ ಗಟ್ಟಿ ಮಾಡಲು. ನಾನು ಅದನ್ನು ಬಿಚ್ಚಿ ಮೊದಲು ಮೂಸಿ ನೋಡುತ್ತಿದ್ದೆ. ಯಾವುದೋ ಗಿಡದ ಅಂಟು, ಕೆಂಪು ಮಣ್ಣು, ಬೆವರು. ಎರಡು ದಿನದ ಕೆಲಸವನ್ನು ಒಂದು ವಾರ ಮಾಡುತ್ತಿದ್ದೆ.

ಅವರಿಗೆ ಮತ್ತೆ ಮದುವೆಯಾಯಿತೆಂದು ಹುಕ್ಕೇರಿಯ ದವಾಖಾನೆಯ ಸಿಪಾಯಿ ಹೇಳಿದ, ಎತ್ತಿನ ಪಟ್ಟಿ ಹೊಲಿಸಲು ಬಂದಾಗ. “ಸಾಲಿ ಟೀಚರ್ ಅಂತ್ರಿ, ಭಾಳ ಚಲೋ ಹೆಣ್ಣಮಗಳು,” ಎಂದ. “ಚಲೋ ಆತು,” ಎಂದೆ. ಖರೇ ಮನಸ್ಸಿನಿಂದಲೇ ಎಂದೆ. ಆ ದಿನ ಅಂಗಡಿಯನ್ನು ಬೇಗ ಮುಚ್ಚಿದೆ. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿ ತಿಕ್ಕಿದಳು.

ಮುಂದಿನ ವರ್ಷವೂ ಕೂರುಪಟ್ಟಿ ಬಂತು. ತೊಡೆಯ ಹತ್ತಿರ ಒಂದು ಕಡೆ ಹರಿದಿದ್ದನ್ನು ಯಾರೋ ಆಗಲೇ ಹೊಲಿದಿದ್ದರು. ಕೈಹೊಲಿಗೆ, ನೀಲಿ ದಾರ, ಸಣ್ಣ ಸಣ್ಣ ಅಚ್ಚುಕಟ್ಟಾದ ಟಾಕು. ದಪ್ಪ ಬಟ್ಟೆಗೆ ಆ ಸೂಜಿ ಸಾಲದು, ಬೆರಳಿಗೆ ಎಷ್ಟು ಸಲ ಚುಚ್ಚಿರಬೇಕು. ನಾನು ಅದನ್ನು ಬಿಚ್ಚಲಿಲ್ಲ. ಅದರ ಹಿಂದೆ ಒಳಗಿನಿಂದ ಇನ್ನೊಂದು ಪದರ ಕೊಟ್ಟು, ಮೇಲೆ ನೀಲಿ ಟಾಕು ಕಾಣುವ ಹಾಗೆಯೇ ಇಟ್ಟು, ಕಳಿಸಿದೆ. ಅದರ ನಂತರ ಪಾರ್ಸೆಲು ಬಂದಿಲ್ಲ.

ನನಗೆಂದು ಹೊಲಿದುಕೊಂಡಿದ್ದ ಕೂರುಪಟ್ಟಿ ನನ್ನ ಹತ್ತಿರವೇ ಇತ್ತು. ಒಂದು ವರ್ಷ ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ರವಿವಾರ ಸ್ಕೂಟಿಯ ಮುಂದೆ ಇಟ್ಟುಕೊಂಡು ಹೊರಟೆ. ಈಗ ಚಳಿಗಾಲದಲ್ಲಿ ಒಬ್ಬಳೇ ಹೋಗುತ್ತೇನೆ. ಮಮದಾಪುರದ ಕಡೆ ಹೋಗುವುದಿಲ್ಲ, ಮೂಡಲಗಿಯ ಆಚೆ ಬಯಲು ಭೂಮಿಯಲ್ಲಿ ಒಂದು ದೊಡ್ಡ ಬೇವಿನಮರ ಗೊತ್ತು ಮಾಡಿಕೊಂಡಿದ್ದೇನೆ. ನರಿ ಕಂಡಿದ್ದೇನೆ, ನವಿಲು ಕುಣಿಯುವುದನ್ನು ಮೇಲಿನಿಂದ ಕಂಡಿದ್ದೇನೆ. ತೋಳ ಕಂಡಿಲ್ಲ.

ಹೋದ ಚಳಿಗಾಲದ ಒಂದು ದಿನ ಹಾಗೆ ಕೂತಿದ್ದಾಗ ಕೆಳಗೆ ಕುರಿಗಳು ಬಂದವು, ಹಿಂದೆ ಕುರಿಗಾರ ಮತ್ತು ಅವನ ಹೆಂಡತಿ. ಇಬ್ಬರಿಗೂ ನನ್ನಷ್ಟೇ ವಯಸ್ಸಿರಬೇಕು. ನಾನು ಕೂತದ್ದು ಅವರಿಗೆ ಗೊತ್ತಾಗಲಿಲ್ಲ. ಬೇವಿನ ನೆರಳಲ್ಲಿ ಕೂತರು. ಆಕೆ ಅವನ ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು, ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದು, ಹಿಮ್ಮಡಿಯ ಮುಳ್ಳು ಕೀಳತೊಡಗಿದಳು. ಅವನು ಆಗೊಮ್ಮೆ ಈಗೊಮ್ಮೆ ಹಾ ಎನ್ನುವನು, ಆಕೆ ಬೈಯುವಳು. ಮುಳ್ಳು ಬಂದ ಮೇಲೂ ಆಕೆ ಆ ಕಾಲನ್ನು ಕೆಳಗಿಳಿಸಲಿಲ್ಲ. ಅವನೂ ಎಳೆದುಕೊಳ್ಳಲಿಲ್ಲ. ಹಾಗೇ ಕೂತು ಕುರಿ ನೋಡುತ್ತಿದ್ದರು.

ಇದು ನಾನು ನೋಡಬಾರದ್ದು ಎನಿಸಿತು. ಅವರು ಹೋಗುವವರೆಗೆ ಸುಮ್ಮನಿರೋಣ ಎಂದುಕೊಂಡೆ, ಆದರೆ ಅದೂ ಆಗಲಿಲ್ಲ. ಕೆಮ್ಮಿದೆ.

ಇಬ್ಬರೂ ಎದ್ದು ನಿಂತರು. “ಯಾರವಾ ನೀ? ಗಿಡದಾಗ ಏನ್ ಮಾಡಾಕತ್ತಿ?” ಎಂದಳಾಕೆ.

“ಪ್ರಾಣಿ ನೋಡಾಕ ಬಂದೇನವಾ. ತೋಳ.”

“ತೋಳ ನೋಡಾಕ ಗಿಡಾ ಏರ್ಯಾಳ,” ಎಂದು ಕುರಿಗಾರ ಹೆಂಡತಿಯ ಮುಖ ನೋಡಿ ನಕ್ಕ. “ನಮ್ಮ ಕುರಿ ಕಾಯಾಕ ಬಾ, ದಿನಾ ತೋರಸ್ತೇನಿ.”

ಇಳಿದೆ. ಆಕೆ ಬುತ್ತಿ ಬಿಚ್ಚಿ ನನ್ನ ಕೈಗೂ ಒಂದು ರೊಟ್ಟಿ ಹಾಕಿದಳು, ಮೇಲೆ ಶೇಂಗಾ ಹಿಂಡಿ. ನನ್ನ ಸೊಂಟದ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿ, ಯಾರು ಹೊಲಿದರು ಎಂದು ಕೇಳಿದಳು. ನಾನೇ ಎಂದೆ.

“ಒಬ್ಬಾಕಿನ ಬಂದೀಯೇನು?”

“ಹೂಂ. ಒಬ್ಬಾಕಿನ.”

ಆಕೆ ಇನ್ನೊಂದು ರೊಟ್ಟಿ ಮುರಿದಳು. ತಿಂದು ನೀರು ಕುಡಿದೆವು. ಕುರಿಗಳು ಮುಂದೆ ಹೋಗಿದ್ದವು, ಅವರಿಬ್ಬರೂ ಅವುಗಳ ಹಿಂದೆ ಹೊರಟರು. ನಾನು ಮರದ ಸುತ್ತ ಬಿಗಿದಿದ್ದ ಕುಣಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದೆ. ಬಿಚ್ಚಿಕೊಂಡು ಮನೆಗೆ ಹೋಗುವುದಿತ್ತು. ಹೊತ್ತು ಇನ್ನೂ ಇತ್ತು, ಮತ್ತೆ ಏರಿ ಕೂತೆ.